ಕಿಟಕಿಯ ಕೆಳಗಿನ ಗೋಡೆ

“ಗುರುಗಳೇ, ಹೋಗಬೇಕಾದ ದಾರಿ ನನಗೆ ಕಾಣುತ್ತಿದೆ. ಆದರೆ ಹೋದರೆ ಇಲ್ಲಿ ಕಟ್ಟಿಕೊಂಡದ್ದೆಲ್ಲ ಕುಸಿದೀತೆಂಬ ಭಯ. ಏನು ಮಾಡಲಿ?” ಎಂದು ಶಾಂತಮಲ್ಲ ಕೇಳಿದ.

ಅವನು ಒಂಬತ್ತು ವರ್ಷಗಳಿಂದ ಮಠದಲ್ಲಿ ಪಾಠ ಹೇಳುತ್ತಿದ್ದ. ಒಳ್ಳೆಯ ಹೆಸರಿತ್ತು. ದೂರದ ಊರೊಂದರವರು, ನಮ್ಮ ಮಕ್ಕಳಿಗೆ ಓದು ಕಲಿಸುವವರಿಲ್ಲ, ಬನ್ನಿ ಎಂದು ಮೂರು ಸಲ ಹೇಳಿ ಕಳಿಸಿದ್ದರು. ಮೂರು ಸಲವೂ ಅವನು ನೋಡೋಣ ಎಂದಿದ್ದ.

ಗುರುಗಳು ಹೇಳಿದರು:

ಒಬ್ಬ ನೇಕಾರನಿದ್ದ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡಾಗ, ಅಲ್ಲಿಯ ರೂಢಿಯಂತೆ ತಲೆಬಾಗಿಲು ಹಿರಿಯನಿಗೆ ಹೋಯಿತು. ಕಿರಿಯನಾದ ಇವನಿಗೆ ಬಂದ ಎರಡು ಕೋಣೆಗಳಿಗೆ ಬೀದಿಯ ಕಡೆ ಒಂದು ಕಿಟಕಿ ಮಾತ್ರ ಇತ್ತು. ಹೊರಗೆ ಹೋಗಬೇಕಾದರೆ ಅಣ್ಣನ ನಡುಮನೆಯನ್ನು ದಾಟಬೇಕು. ದಿನವೂ ಸಂಜೆ ಮಗ್ಗದಿಂದ ಎದ್ದು, ಕಿಟಕಿಯ ಅಂಚಿಗೆ ಮೊಣಕೈ ಊರಿ ಬೀದಿ ನೋಡುತ್ತಿದ್ದ. ಇಲ್ಲೊಂದು ಬಾಗಿಲಿದ್ದರೆ ಎಂದುಕೊಳ್ಳುತ್ತಿದ್ದ. ಆದರೆ ಆ ಗೋಡೆಗೆ ಒಂದು ಮೊಳೆ ಹೊಡೆಯಲೂ ಅವನ ಅಪ್ಪ ಬಿಟ್ಟವನಲ್ಲ. ಮನೆ ನಿಂತಿರುವುದೇ ಅದರ ಮೇಲೆ ಎನ್ನುತ್ತಿದ್ದ. ಹೀಗೆ ಏಳು ವರ್ಷ ಕಳೆಯಿತು.

ಒಂದು ದಿನ ಅಣ್ಣ ಕರೆದು ಹೇಳಿದ: “ತಮ್ಮಾ, ಮಗನ ಮದುವೆ ಗೊತ್ತಾಯಿತು. ಮನೆಗೆ ಸೊಸೆ ಬರುತ್ತಾಳೆ. ಯುಗಾದಿ ಕಳೆದ ಮೇಲೆ ನಿನ್ನ ಕಡೆಯ ಬಾಗಿಲನ್ನು ಮುಚ್ಚಿಸುತ್ತೇನೆ. ಅಷ್ಟರೊಳಗೆ ನಿನ್ನ ದಾರಿ ನೀನು ಮಾಡಿಕೊ.” ಮಾತಿನಲ್ಲಿ ಸಿಟ್ಟಿರಲಿಲ್ಲ. ಹಾಗಾಗಿ ಜಗಳ ತೆಗೆಯಲೂ ಆಗಲಿಲ್ಲ.

ಬಾಗಿಲು ಆಗದಿದ್ದರೆ ಮಗ್ಗ ಬಿಚ್ಚಿಕೊಂಡು ಮನೆ ಬಿಡಬೇಕು. ನೇಕಾರ ಯೋಚಿಸಿದ. ಕಿಟಕಿ ಇರುವಲ್ಲಿ ಗೋಡೆ ಆಗಲೇ ಬಲ ಕಳೆದುಕೊಂಡಿದೆ, ಅದನ್ನು ಮುಟ್ಟಬಾರದು. ಗಟ್ಟಿ ಇರುವ ಕಡೆ ಒಡೆದರೆ ತಡೆದುಕೊಳ್ಳುತ್ತದೆ ಎಂದು ಲೆಕ್ಕ ಹಾಕಿದ. ಕಿಟಕಿಯಿಂದ ಎರಡು ಮೊಳ ಬಿಟ್ಟು, ತುಂಬು ಗೋಡೆಗೆ ತಾನೇ ಉಳಿ ಹಾಕಿದ. ಹತ್ತು ಇಟ್ಟಿಗೆ ಬರುವಷ್ಟರಲ್ಲಿ ಬಿರುಕು ಸೂರಿನ ತನಕ ಓಡಿತು. ಉಳಿ ಕೆಳಗಿಟ್ಟು ಕೂತುಬಿಟ್ಟ.

“ಏಳು ವರ್ಷ ನೋಡಿದ್ದು ಒಂದು ಕಡೆ, ಒಡೆದದ್ದು ಇನ್ನೊಂದು ಕಡೆ” ಎಂದಳು ಹೆಂಡತಿ. ತಾನೇ ಹೋಗಿ ಮೇಸ್ತ್ರಿಯನ್ನು ಕರೆತಂದಳು.

ಮೇಸ್ತ್ರಿ ಮೊದಲು ಆ ಹತ್ತು ಇಟ್ಟಿಗೆಗಳನ್ನು ಗಾರೆ ಹಾಕಿ ಮತ್ತೆ ಕೂರಿಸಿದ. ಆಮೇಲೆ ಕಿಟಕಿಯ ನೆತ್ತಿಯ ಮೇಲಿದ್ದ ಅಡ್ಡಗಲ್ಲನ್ನು ತಟ್ಟಿ ನೋಡಿದ.

“ಯಜಮಾನರೇ, ತುಂಬು ಗೋಡೆಯಲ್ಲಿ ಪ್ರತಿ ಇಟ್ಟಿಗೆಯೂ ಹೊರುತ್ತಿರುತ್ತದೆ. ಇಲ್ಲಿ ಹಾಗಲ್ಲ. ಮೇಲಿನ ಭಾರವನ್ನೆಲ್ಲ ಈ ಕಲ್ಲು ಎರಡು ಪಕ್ಕಕ್ಕೆ ದಾಟಿಸಿದೆ. ಬಾಗಿಲಿನ ದೊಡ್ಡ ಕೆಲಸವನ್ನು ಕಿಟಕಿ ಇಟ್ಟವನೇ ಮುಗಿಸಿ ಹೋಗಿದ್ದಾನೆ.”

“ಹಾಗಾದರೆ ಕಿಟಕಿಯ ಕೆಳಗಿನ ಈ ಗೋಡೆ ಏನನ್ನು ಹೊತ್ತಿದೆ?” ಎಂದು ನೇಕಾರ ಅಂಚಿಗೆ ಮೊಣಕೈ ಊರಿಕೊಂಡೇ ಕೇಳಿದ.

“ನಿಮ್ಮ ಎರಡು ಮೊಣಕೈಗಳನ್ನು.”

ಹೆಂಡತಿ ನಕ್ಕಳು. ನೇಕಾರನಿಗೆ ನಗು ಬರಲಿಲ್ಲ.

ಮೇಸ್ತ್ರಿ ಕಿಟಕಿಯ ಚೌಕಟ್ಟನ್ನು ಬಿಡಿಸಿ ತೆಗೆದ. ಎರಡೂ ಅಂಚಿನಿಂದ ನೆಲದವರೆಗೆ ನೇರ ಗೆರೆ ಎಳೆದ. ಗೆರೆ ದಾಟಬೇಡಿ ಎಂದು ಹೇಳಿ ಉಳಿಯನ್ನು ನೇಕಾರನ ಕೈಗೇ ಕೊಟ್ಟ. ಮೊದಲ ಸಾಲು ತೆಗೆಯುವಾಗ ಅವನು ಒಂದೊಂದು ಏಟಿಗೂ ಸೂರಿನತ್ತ ನೋಡಿದ. ನಾಲ್ಕನೆಯ ಸಾಲಿನ ಹೊತ್ತಿಗೆ ಮೇಲೆ ನೋಡುವುದನ್ನು ಮರೆತಿದ್ದ. ಇನ್ನೂ ಎರಡು ಸಾಲು ಉಳಿದಿರುವಾಗಲೇ ಉಳಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಅವುಗಳನ್ನು ದಾಟಿ ಬೀದಿಗೆ ಇಳಿದ. ಅವನ ಹಿಂದೆಯೇ ಹೆಂಡತಿಯೂ ಖಾಲಿ ಕೊಡ ಹಿಡಿದು ಇಳಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಮೇಸ್ತ್ರಿಯ ಎಣಿಕೆ ತಪ್ಪಿ, ಗೋಡೆ ಬಿದ್ದುಬಿಟ್ಟಿದ್ದರೆ?” ಎಂದು ಶಾಂತಮಲ್ಲ ಕೇಳಿದ.

ಗುರುಗಳು ಹೇಳಿದರು: “ಬೀಳುವ ಹೊತ್ತಿಗೆ ಅವರು ಬೀದಿಯಲ್ಲಿರುತ್ತಿದ್ದರು.”