ಹಿಡಿ ರಾಗಿ, ಬುಟ್ಟಿ ತುಂಬ ಹೊಟ್ಟು

ಕಾಡಿನ ಅಂಚಲ್ಲಿ ಒಂದು ಕೆರೆ. ಕೆರೆಯ ಆಚೆ ದಡದಲ್ಲಿ ಒಂದು ಹೆಂಚಿನ ಚರ್ಚು, ಈಚೆ ದಡದಲ್ಲಿ ಪ್ರಾಣಿಗಳ ಕೇರಿ. ಚರ್ಚಿನ ಹಾಡು, ಪ್ರಾರ್ಥನೆ ಎಲ್ಲ ನೀರಿನ ಮೇಲೆ ತೇಲಿ ಬಂದು ಇವರ ಕಿವಿಗೂ ಬೀಳ್ತಿತ್ತು. ಹಾಗಾಗಿ ಅಲ್ಲಿ ಬೆಳೆಹಬ್ಬ ಆದ ಮಾರನೇ ದಿನ ಇಲ್ಲೂ ಬೆಳೆಹಬ್ಬ. ತಮ್ಮ ತಮ್ಮ ಫಸಲಿನ ಮೊದಲ ಪಾಲನ್ನ ದೇವರಿಗೆ ಅಂತ ತಂದು ಬಂಡೆ ಮೇಲೆ ಇಡ್ತಿದ್ರು. ಆಮೆ ಅಯ್ಯನವರು ಪ್ರಾರ್ಥನೆ ಮಾಡ್ತಿದ್ರು.

ಸುಗುಣಿ ಅನ್ನೋ ಇಲಿ ಆ ವರ್ಷವಷ್ಟೇ ಗುಡ್ಡದ ಆಚೆಯಿಂದ ಬಂದು ಅಲ್ಲಿ ಬಿಲ ತೋಡಿದ್ಲು. ಪಾಪ, ಮಳೆನೀರು ನುಗ್ಗಿ ಅವಳು ಕೂಡಿಟ್ಟ ರಾಗಿಯೆಲ್ಲ ಕೊಳೆತುಹೋಗಿತ್ತು. ಉಳಿದಿದ್ದು ಒಂದು ಹಿಡಿ.

ಹಬ್ಬದ ಬೆಳಿಗ್ಗೆ ಪಕ್ಕದ ಮರದ ಅಳಿಲಣ್ಣ ಬಗ್ಗಿ ನೋಡಿದ. "ಏನಮ್ಮ ಸುಗುಣಿ, ಕಾಣಿಕೆ ರೆಡಿನಾ? ನಂದು ಎರಡು ಬುಟ್ಟಿ ಕಡಲೆಕಾಯಿ. ಹೊತ್ತು ಹೊತ್ತು ಸೊಂಟ ಬಿದ್ದುಹೋಯ್ತು."

"ಹ್ಞೂಂ, ನಂದೂ ಒಂದು ಬುಟ್ಟಿ ಇದೆ," ಅಂದುಬಿಟ್ಲು ಸುಗುಣಿ.

ಅಂದಮೇಲೆ ಬುಟ್ಟಿ ತುಂಬಬೇಕಲ್ಲ? ಕಣದ ಮೂಲೆಯಲ್ಲಿ ರಾಗಿ ಹೊಟ್ಟಿನ ರಾಶಿ ಬಿದ್ದಿತ್ತು. ಬುಟ್ಟಿ ತುಂಬ ಹೊಟ್ಟು ಒತ್ತಿ, ಮೇಲೆ ತನ್ನ ಹಿಡಿ ರಾಗಿ ಹರಡಿದ್ಲು. ದೂರದಿಂದ ನೋಡಿದ್ರೆ ತುಂಬಿದ ರಾಗಿ ಬುಟ್ಟಿ.

ಬಂಡೆ ಹತ್ರ ಎಲ್ಲರೂ ಹೊಗಳಿದ್ರು. "ಹೊಸಬಳಾದ್ರೂ ಎಷ್ಟು ದೊಡ್ಡ ಮನಸ್ಸು ನೋಡಿ," ಅಂತು ಮೊಲ. ಸುಗುಣಿ ಬಾಲ ಸುತ್ತಿಕೊಂಡು ನೆಲ ನೋಡ್ತಾ ನಿಂತ್ಲು. ಅಯ್ಯನವರು ಪ್ರಾರ್ಥನೆ ಮುಗಿಸಿದ್ರು. ಸದ್ಯ, ಮುಗೀತು ಅಂದುಕೊಂಡ್ಲು.

ಮುಗಿದಿರಲಿಲ್ಲ. ಆ ಕೇರಿಯಲ್ಲಿ ಒಂದು ಪದ್ಧತಿ ಇತ್ತು, ಅದು ಅವಳಿಗೆ ಗೊತ್ತೇ ಇರಲಿಲ್ಲ. ದೇವರಿಗೆ ಇಟ್ಟದ್ದನ್ನ ಅಲ್ಲೇ ಬೇಯಿಸಿ, ಮೈ ಸರಿ ಇಲ್ಲದವರಿಗೆ ಮೊದಲು ಉಣಿಸ್ತಿದ್ರು.

ಕಾಡುಕೋಳಿ ದೊಡ್ಡಮ್ಮ ಒಲೆ ಹಚ್ಚಿದ್ಲು. "ಪಿಕಳಾರ ಹಕ್ಕಿಯ ಮರಿ ಗೂಡಿಂದ ಬಿದ್ದು ಎರಡು ದಿನ ಆಯ್ತು, ಏನೂ ನುಂಗ್ತಿಲ್ಲ. ಕಡಲೆಕಾಯಿ ಅದರ ಗಂಟಲಲ್ಲಿ ಇಳಿಯಲ್ಲ. ರಾಗಿ ಗಂಜಿನೇ ಆಗಬೇಕು. ಸುಗುಣಿ, ನಿನ್ನ ಬುಟ್ಟಿ ಕೊಡು."

ತಾಯಿ ಪಿಕಳಾರ ಮರಿಯನ್ನ ರೆಕ್ಕೆಯಲ್ಲಿ ಅವುಚಿಕೊಂಡು ಕೂತಿತ್ತು. ಮರಿಯ ಕತ್ತು ವಾಲಿತ್ತು.

ಸುಗುಣಿ ಮರಿಯನ್ನ ನೋಡಿದ್ಲು. ಆ ಹೊಟ್ಟು ಆ ಗಂಟಲಿಗೆ ಸಿಕ್ಕಿಕೊಂಡ್ರೆ? ದೊಡ್ಡಮ್ಮ ಬುಟ್ಟಿ ಎತ್ತಿ ಬೀಸೋ ಕಲ್ಲಿಗೆ ಬಗ್ಗಿಸೋದರಲ್ಲಿದ್ಲು.

"ಸುರೀಬೇಡಿ ದೊಡ್ಡಮ್ಮ. ಒಳಗೆಲ್ಲ ಹೊಟ್ಟು. ರಾಗಿ ಒಂದೇ ಹಿಡಿ. ಅಷ್ಟೇ ಇಟ್ರೆ ನಾಚಿಕೆ ಅಂತ ಹೀಗೆ ಮಾಡಿದೆ."

ಅಳಿಲಣ್ಣ ಕಿಸಕ್ಕೆಂದು ನಕ್ಕ. ದೊಡ್ಡಮ್ಮ ನಗಲಿಲ್ಲ. ಮೊರ ತಗೊಂಡು ಎಲ್ಲರ ಎದುರಿಗೇ ಕೇರಿದ್ಲು. ಹೊಟ್ಟೆಲ್ಲ ಹಾರಿ ಅಳಿಲಣ್ಣನ ಮುಖಕ್ಕೆ ಮೆತ್ತಿಕೊಳ್ತು. ಮೊರದಲ್ಲಿ ಹಿಡಿ ರಾಗಿ ಕೆಂಪಗೆ ಉಳೀತು.

"ಈ ಮರಿ ಹೊಟ್ಟೆಗೆ ಇಷ್ಟೇ ಹೆಚ್ಚಾಯ್ತು ಕಣೇ," ಅಂದ್ಲು ದೊಡ್ಡಮ್ಮ.

ಆಮೆ ಅಯ್ಯನವರು ಕತ್ತು ಹೊರಗೆ ಹಾಕಿ ಕೇಳಿದ್ರು: "ಅಷ್ಟು ಹೊಟ್ಟು ಯಾಕಮ್ಮ ಹೊತ್ತೆ? ನಿನ್ನ ಬಿಲಕ್ಕೆ ನೀರು ನುಗ್ಗಿದ್ದು ದೇವರಿಗೆ ಗೊತ್ತಿಲ್ವಾ?"

ಸುಗುಣಿ ಮೂಗು ಒರೆಸಿಕೊಂಡ್ಲು. "ಅಯ್ಯನವರೇ, ಆಗ ನೀವು ಹೊಟ್ಟಿಗೂ ಸೇರಿಸಿ ಪ್ರಾರ್ಥನೆ ಮಾಡಿಬಿಟ್ರಿ. ಇನ್ನೊಂದ್ಸಲ ಮಾಡ್ತೀರಾ?"

"ಕಾಣಿಕೆ ನಿಂದು. ನೀನೇ ಮಾಡು."

ಅವಳಿಗೆ ದೊಡ್ಡ ದೊಡ್ಡ ಮಾತು ಬರ್ತಿರಲಿಲ್ಲ. ಮೊರದ ಮುಂದೆ ಕೂತು ಕಣ್ಣು ಮುಚ್ಚಿದ್ಲು.

"ಯೇಸಪ್ಪ, ಇರೋದು ಇಷ್ಟೇ. ಇದು ನಿಂಗೆ."

ರಾಗಿ ಬೀಸಿ, ತೆಳ್ಳಗೆ ಗಂಜಿ ಕಾಯಿಸಿ ಆರಿಸಿದ್ರು. ಮೊದಲ ತೊಟ್ಟು ಮರಿಯ ಕೊಕ್ಕಿನಿಂದ ಆಚೆಗೇ ಹರೀತು. ಎರಡನೇದು ಹೇಗೋ ಒಳಗೆ ಇಳೀತು. ಮೂರನೇದಕ್ಕೆ ಮರಿ ತಾನೇ ಕತ್ತೆತ್ತಿ ಅಗಲಕ್ಕೆ ಬಾಯಿ ತೆರೀತು.

ಸುಗುಣಿ ಬೆಳಿಗ್ಗೆಯಿಂದ ಬಿಗಿಹಿಡಿದಿದ್ದ ಉಸಿರು ಬಿಟ್ಟು, ಅಲ್ಲೇ ತಾಯಿ ಪಿಕಳಾರದ ಪಕ್ಕ ಕೂತುಬಿಟ್ಲು.

ನೀತಿ: ನಮ್ಮ ಹತ್ರ ಇರೋದು ಸ್ವಲ್ಪವೇ ಆದರೂ ಅದನ್ನೇ ನಿಜ ಮನಸ್ಸಿಂದ ದೇವರಿಗೆ ಕೊಡೋಣ, ದೊಡ್ಡದಾಗಿ ಕಾಣಲಿ ಅಂತ ಸುಳ್ಳು ತುಂಬಿಸೋದು ಬೇಡ.