ಗುರುಶಾಂತ ಕರೆಂಟು, ಗ್ಯಾಸು ತಂದ ಕತೆ

ನೆಟ್ಟಗೆ ಕುಳಿತು ಕೇಳುವುದಾದರೆ ಹೇಳುತ್ತೇನೆ. ನಡುವೆ ಎದ್ದು ಹೋಗುವವರು ಈಗಲೇ ಹೋಗಬಹುದು.

ಒಂದೂರಿನ ಕೊಬ್ಬರಿ ಮಂಡಿಯ ಹಿಂದಿನ ಬೀದಿಯಲ್ಲಿ ನೀಲಮ್ಮ ಎಂಬ ತಾಯಿ ಇದ್ದಳು. ಅವಳಿಗೆ ಗುರುಶಾಂತ ಎಂಬ ಒಬ್ಬನೇ ಮಗ. ವಯಸ್ಸು ಇಪ್ಪತ್ತಾರು. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತಿದ್ದ. ಅದೇ ತೊಂದರೆ.

ನೀಲಮ್ಮನ ತೊಂದರೆ ಬೇರೆ. ಅವಳು ಯಾರನ್ನೂ ನಂಬಳು. ಹಾಲಿನವನನ್ನು ನಂಬಳು, ಹೂವಿನವಳನ್ನು ನಂಬಳು. ಎರಡು ಮೊಳ ಹೂ ಕೊಂಡರೆ ಮನೆಗೆ ತಂದು ತನ್ನ ಕೈಯಿಂದ ಮತ್ತೆ ಅಳೆಯುವಳು. ದೇವರ ಮುಂದೆ ಕಣ್ಣು ಮುಚ್ಚಿದರೂ ಒಂದನ್ನೇ ಮುಚ್ಚುವಳು. ಇನ್ನೊಂದು ಬಾಗಿಲ ಬಳಿಯ ಚಪ್ಪಲಿ ಕಾಯುತ್ತಿತ್ತು.

ಅವರಿದ್ದ ಮನೆಯನ್ನು ರಸ್ತೆ ಅಗಲ ಮಾಡಲು ಕೆಡವುವವರಿದ್ದರು. ಶನಿವಾರ ಕೆಡವುವುದು, ಅದೇ ಶನಿವಾರ ಆಷಾಢ ಹುಟ್ಟುವುದು. ಆಷಾಢದಲ್ಲಿ ಯಾರು ಹೊಸ ಮನೆ ಹೊಗುತ್ತಾರೆ? ಹೇಗೋ ಹುಡುಕಿ ಎರಡು ಬೀದಿ ಆಚೆ ಒಂದು ಬಾಡಿಗೆ ಮನೆ ಹಿಡಿದಿದ್ದರು. ಅದರ ಒಡತಿ ಸರ್ವಮಂಗಳಮ್ಮ, ನಿವೃತ್ತ ಮುಖ್ಯೋಪಾಧ್ಯಾಯಿನಿ. ಒಂದು ಮಾತು ಎರಡು ಸಲ ಹೇಳುವವರಲ್ಲ.

"ಶುಕ್ರವಾರ ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಒಳಗಿನ ಒಲೆಯ ಮೇಲೆ ಹಾಲು ಉಕ್ಕಬೇಕು. ಸೌದೆ ಒಲೆ ಬೇಡ, ಗೋಡೆಗೆ ಈಗ ತಾನೇ ಸುಣ್ಣ ಹೊಡೆಸಿದ್ದೇನೆ. ಹಾಲು ಉಕ್ಕಿದರೆ ಮನೆ ನಿಮ್ಮದು. ಉಕ್ಕದಿದ್ದರೆ ಅಂಚೆ ಮಾಸ್ತರರು ಕೇಳುತ್ತಿದ್ದಾರೆ, ಅವರದು."

ಹಾಗಾದರೆ ಗ್ಯಾಸು ಬೇಕು, ಕರೆಂಟೂ ಬೇಕು. ನೀಲಮ್ಮ ತಾನೇ ಹೋಗಬಹುದಿತ್ತು. ಆದರೆ ಅರ್ಧ ಕಟ್ಟಿದ ಪಾತ್ರೆಗಳನ್ನು ಬಿಟ್ಟು ಹೋಗುವುದು ಹೇಗೆ? ಎದುರುಮನೆಯವಳು ಬೆಳಗಿನಿಂದ ಮೂರು ಸಲ ಇಣುಕಿದ್ದಳು!

ಸೋಮವಾರ ಮಗನನ್ನು ಕರೆದಳು. "ನೋಡು ಗುರು, ಆ ಮನೆ ಮೀಟರು ಹಿಂದೆ ಇದ್ದ ರುದ್ರಪ್ಪನ ಹೆಸರಲ್ಲಿದೆ. ಆ ಮನುಷ್ಯ ಎಂಥವನೋ, ಏನೋ. ಕರೆಂಟ್ ಆಫೀಸಿಗೆ ಹೋಗಿ ಹೆಸರು ಬದಲಾಯಿಸಿಕೊಂಡು ಬಾ."

"ಆಯ್ತಮ್ಮ!" ಎಂದ, ಹೋದ, ಅರ್ಧ ಗಂಟೆಯಲ್ಲಿ ಕುಣಿಯುತ್ತಾ ಬಂದ.

"ಏನಾಯ್ತೋ ಗುರು?"

ಗುರುಶಾಂತ ಹಿಂದೆ ತಿರುಗಿ ಯಾರಿದ್ದಾರೆಂದು ನೋಡಿದ.

"ಗುರೂ!"

"ಯಾರನ್ನ ಕರೀತಿದ್ದೀಯಮ್ಮ? ಹೆಸರು ಬದಲಾಯಿಸಿಕೊಂಡೆ. ಇನ್ಮೇಲೆ ನಾನು ರುದ್ರಪ್ಪ. ಮೀಟರಿಗೂ ಸರಿ, ಆಫೀಸಿಗೂ ಸರಿ. ಗುಮಾಸ್ತರು ಎಷ್ಟು ನಕ್ಕರು ಗೊತ್ತಾ!"

ನೀಲಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಮುಂಡೇದೇ! ಬದಲಾಯಿಸಬೇಕಾದ್ದು ಮೀಟರಿನ ಹೆಸರು ಕಣೋ! ನಕ್ಕರಂತೆ! ಯಾಕೆ ನಕ್ಕರು? ನಗುವವರ ಹೊಟ್ಟೇಲಿ ಏನೋ ಇರುತ್ತೆ. ಆಫೀಸಿನವರು ಕೈ ಬೆಚ್ಚಗೆ ಮಾಡದೆ ಕದಲೋರಲ್ಲ. ಇನ್ಮೇಲೆ ಎಲ್ಲಿಗೆ ಹೋದರೂ ಮೊದಲು ಕೈ ಬೆಚ್ಚಗೆ ಮಾಡು, ಆಮೇಲೆ ಬಾಯಿ ಬಿಡು!"

"ಆಯ್ತಮ್ಮ!"

ಹೆಸರಿನ ಕೆಲಸವನ್ನು ಕೊನೆಗೆ ಸರ್ವಮಂಗಳಮ್ಮನವರೇ ಒಂದು ಕಾಗದ ಬರೆದು ಮುಗಿಸಿದರು. ಯಾರ ಕೈಯೂ ಬೆಚ್ಚಗಾಗಲಿಲ್ಲ. ನೀಲಮ್ಮ ಅದನ್ನೂ ನಂಬಲಿಲ್ಲ.

ಮಂಗಳವಾರ ಗ್ಯಾಸ್ ಆಫೀಸು. ಅಲ್ಲಿ ಕಿಟಕಿಯ ಹಿಂದೆ ಒಬ್ಬ ಹೆಂಗಸು ಪುಸ್ತಕ ಬಿಚ್ಚಿ ಕುಳಿತಿದ್ದಳು. ಗುರುಶಾಂತ ಟವೆಲಿನಲ್ಲಿ ಏನನ್ನೋ ಸುತ್ತಿಕೊಂಡು ಬಂದು ನಿಂತ. ಬಾಯಿ ಬಿಡಲಿಲ್ಲ.

"ಏನಪ್ಪಾ, ಹೊಸ ಕನೆಕ್ಷನ್ನಾ? ಅರ್ಜಿ ಕೊಡು," ಎಂದು ಆಕೆ ಕೈ ಚಾಚಿದಳು.

ಚಾಚಿದ ಅಂಗೈಯಲ್ಲಿ ಟವೆಲು ಬಿಚ್ಚಿ, ಹಬೆಯಾಡುವ ರಾಗಿ ಮುದ್ದೆಯನ್ನು ತಪಕ್ಕನೆ ಇಟ್ಟ!

"ಅಯ್ಯಯ್ಯೋ! ಸುಟ್ಟುಹೋಯ್ತು!"

"ಬೆಚ್ಚಗಾಯ್ತಾ ಅಕ್ಕಾ?" ಎಂದು ಗುರುಶಾಂತ ವಿನಯದಿಂದ ಕೇಳಿದ. "ಸಾಲದಿದ್ದರೆ ಇನ್ನೊಂದಿದೆ."

ಅವಳು ಒಳ್ಳೆಯವಳು. ಅತ್ತಳು, ಬೈದಳು, ಕೈಯನ್ನು ನೀರಿನಲ್ಲಿ ಅದ್ದಿದಳು. ಆಮೇಲೆ ಎಡಗೈಯಲ್ಲೇ ಬರೆದು ಕೊಟ್ಟಳು. "ಗುರುವಾರ ಸಿಲಿಂಡರ್ ಬರುತ್ತೆ. ನೀನು ಮಾತ್ರ ಇನ್ನೊಮ್ಮೆ ಬರಬೇಡ!"

ವಿಷಯ ತಿಳಿದು ನೀಲಮ್ಮ ಕಿರುಚಿದಳು. "ಮುದ್ದೆ ಇಟ್ಟೆಯೇನೋ! ಹೆಣ್ಣುಮಗಳ ಕೈ ಮೇಲೆ! ಇನ್ಮೇಲೆ ಯಾರ ಕೈಗೂ ಏನೂ ಕೊಡಬೇಡ. ಕೇಳಲಿ, ಬೇಡಲಿ, ಅಳಲಿ, ಕೊಡಬೇಡ! ಕೇಳಿಸ್ತಾ?"

"ಕೇಳಿಸ್ತಮ್ಮ. ಯಾರ ಕೈಗೂ ಏನೂ ಕೊಡಬಾರದು."

ಬುಧವಾರ ಲೈನ್‌ಮನ್ ಖಾದರ್ ಹೊಸ ಮನೆಗೆ ಬಂದ. ಏಣಿ ಹಾಕಿಕೊಂಡು ಕಂಬ ಹತ್ತಿದ. ಹತ್ತಿದ ಮೇಲೆ ನೋಡಿದರೆ ಕಟಿಂಗ್ ಪ್ಲೇಯರ್ ಕೆಳಗೆ ನಿಂತ ಗುರುಶಾಂತನ ಕಾಲ ಬಳಿಯೇ ಉಳಿದಿದೆ.

"ತಮ್ಮಾ, ಆ ಪ್ಲೇಯರ್ ಕೊಡು."

"ಕೊಡಲ್ಲ."

"ತಮಾಷೆ ಸಾಕು. ಕೊಡಪ್ಪಾ."

"ಕೇಳಿದರೂ ಕೊಡಲ್ಲ, ಬೇಡಿದರೂ ಕೊಡಲ್ಲ."

ಖಾದರ್ ಗೊಣಗುತ್ತಾ ಇಳಿದ, ತೆಗೆದುಕೊಂಡ, ಹತ್ತಿದ. ಟೇಪು ಮರೆತಿದ್ದ. ಇಳಿದ, ಹತ್ತಿದ. ತಂತಿ ಸಾಲಲಿಲ್ಲ. ಇಳಿದ, ಹತ್ತಿದ. ಅಷ್ಟರಲ್ಲಿ ಒಂದು ಎಮ್ಮೆ ಬಂದು ಏಣಿಗೆ ಮೈ ಉಜ್ಜಿತು. ಏಣಿ ದಡ್ ಎಂದು ಬಿತ್ತು.

"ಏಣಿ ಕೊಡೋ ಮಾರಾಯಾ!"

"ಕೊಡಲ್ಲ!"

"ಬೀಳ್ತೀನೋ! ಹೆಂಡತಿ ಮಕ್ಕಳಿದ್ದಾರೋ!"

"ಅತ್ತರೂ ಕೊಡಬಾರದು ಅಂತ ಅಮ್ಮ ಮೊದಲೇ ಹೇಳಿದಾಳೆ. ಅಮ್ಮನಿಗೆ ಎಲ್ಲಾ ಗೊತ್ತಾಗುತ್ತೆ ನೋಡಿ!"

ಸರ್ವಮಂಗಳಮ್ಮ ಪೇಟೆಯಿಂದ ಬಂದು, ಕೈಚೀಲ ಕೆಳಗಿಟ್ಟು, ತಾವೇ ಏಣಿ ಎತ್ತಿ ನಿಲ್ಲಿಸಬೇಕಾಯಿತು. ಖಾದರ್ ಇಳಿದ. ಕೆಲಸ ಮಾತ್ರ ಮುಗಿಸಿದ್ದ. ಮನೆಯಲ್ಲಿ ದೀಪ ಹತ್ತಿತು. ಆದರೆ ಒಡತಿ ಹುಬ್ಬು ಗಂಟಿಕ್ಕಿಕೊಂಡೇ ನೀಲಮ್ಮನ ಹಳೇ ಮನೆಗೆ ಬಂದರು. "ನೀಲಮ್ಮ, ಶುಕ್ರವಾರ ಹತ್ತೂವರೆ. ನೆನಪಿರಲಿ."

ನೀಲಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಈಕೆ ಆಗಲೇ ಅಂಚೆ ಮಾಸ್ತರರಿಗೆ ಮಾತು ಕೊಟ್ಟಿರಬೇಕು! ಆ ಎಮ್ಮೆಯೂ ಯಾರದೋ!

"ಕೊಡಬಾರದು ಅಂದರೆ ಏಣೀನೂ ಕೊಡಬಾರದೇನೋ ಹುಚ್ಚಪ್ಪಾ? ಹೋಗಲಿ. ನಾಳೆ ಸಿಲಿಂಡರ್ ಬರುತ್ತೆ. ಅದರ ತಲೆ ಮೇಲೆ ಒಂದು ಸೀಲ್ ಇರುತ್ತೆ. ಸೀಲ್ ಒಡೆದಿದ್ದರೆ ಗ್ಯಾಸ್ ಕದ್ದಿದಾರೆ ಅಂತ ಲೆಕ್ಕ. ಪ್ರಾಣ ಹೋದರೂ ಸೀಲ್ ಮುಟ್ಟೋಕೆ ಯಾರಿಗೂ ಬಿಡಬೇಡ!"

"ಆಯ್ತಮ್ಮ!"

ಗುರುವಾರ ಹೊಸ ಮನೆಗೆ ಸಿಲಿಂಡರ್ ಬಂತು. ತಂದವನು ಅದನ್ನು ಒಲೆಯ ಪಕ್ಕ ಇಟ್ಟು, ಸೀಲ್ ಕೀಳಲು ಕೈ ಹಾಕಿದ. ಗುರುಶಾಂತ ಹಾರಿ ಸಿಲಿಂಡರನ್ನು ತಬ್ಬಿಕೊಂಡ.

"ಏ, ಬಿಡಯ್ಯಾ! ಪೈಪ್ ಹಾಕಬೇಡವಾ?"

"ಹಾಕಿ. ಸೀಲ್ ಮುಟ್ಟಬೇಡಿ."

"ಮುಚ್ಚಳ ತೆಗೆಯದೆ ಬಾಟಲಿಯಿಂದ ನೀರು ಕುಡಿತೀಯಾ ನೀನು?"

"ನಮ್ಮಮ್ಮ ಬಾಟಲಿ ವಿಷಯ ಹೇಳಿಲ್ಲ."

ಅವನು ಎಳೆದ, ಇವನು ಬಿಡಲಿಲ್ಲ. ಅವನು ಬೈದು ಹೋದ. ಸಂಜೆ ನೀಲಮ್ಮ ಬಂದಾಗ ಮಗ ಇನ್ನೂ ಸಿಲಿಂಡರನ್ನು ತಬ್ಬಿಕೊಂಡೇ ಕುಳಿತಿದ್ದ. ಸೀಲ್ ಹಾಗೇ ಇತ್ತು. ಒಲೆ ತಣ್ಣಗಿತ್ತು. ನೀಲಮ್ಮ ಬಂದ ಕಾಲಲ್ಲೇ ತಿರುಗಿದಳು. ಗ್ಯಾಸಿನವನ ಮನೆ ಹುಡುಕಿಕೊಂಡು ಹೋಗಿ, ಕೈ ಮುಗಿದು, ಮರುದಿನ ಬೆಳಿಗ್ಗೆ ಬರುವುದಕ್ಕೆ ಒಪ್ಪಿಸಿದಳು.

ಶುಕ್ರವಾರ ಅವನು ಬಂದ. ಸೀಲ್ ಕಿತ್ತ, ಪೈಪ್ ಹಾಕಿದ, ಒಲೆ ಹಚ್ಚಿ ತೋರಿಸಿದ. ನೀಲಿ ಉರಿ! ನೀಲಮ್ಮನ ಕಣ್ಣು ತುಂಬಿತು. ಗಂಟೆ ಒಂಬತ್ತು. ಇನ್ನು ಹಾಲೊಂದೇ ಬಾಕಿ. ಹಾಲಿನವನು ನೀರು ಬೆರೆಸಿದರೆ ಹಾಲು ಉಕ್ಕುತ್ತದೆಯೇ? ಅವನ ಕೊಟ್ಟಿಗೆಗೇ ಹೋಗಿ, ಎದುರಿಗೇ ನಿಂತು ಹಾಲು ಕರೆಸಿಕೊಂಡು ಬರಬೇಕು. ಆದರೆ ಹೊಸ ಮನೆಗೆ ಆಗಲೇ ತಂದಿಟ್ಟ ಅವಳ ಟ್ರಂಕನ್ನು ಕಾಯುವವರು ಬೇಕಿತ್ತು.

"ಗುರು, ಬಾಗಿಲು ಹಾಕಿಕೋ. ಗ್ಯಾಸಿನವನು, ಕರೆಂಟಿನವನು ಅಂತ ಹೇಳಿಕೊಂಡು ಕಳ್ಳರು ಬರುತ್ತಾರೆ. ಫೋಟೋ ಇರುವ ಗುರುತಿನ ಚೀಟಿ ತೋರಿಸದೆ ಯಾರಿಗೂ ತೆಗೆಯಬೇಡ. ಗುರುತಿನ ಮುಖ ಆದರೂ ನಂಬಬೇಡ. ಈ ಕಾಲದಲ್ಲಿ ದನೀನೂ ಕದೀತಾರೆ!"

"ಆಯ್ತಮ್ಮ!"

ಕೊಟ್ಟಿಗೆಯಲ್ಲಿ ಹಸು ಸತಾಯಿಸಿತು. ನೀಲಮ್ಮ ತಂಬಿಗೆ ತುಂಬಿಸಿಕೊಂಡು ಓಡೋಡಿ ಬಂದಾಗ ಹತ್ತು ಗಂಟೆ.

"ಗುರೂ, ಬಾಗಿಲು ತೆಗಿ!"

"ಚೀಟಿ ತೋರಿಸಿ."

"ನಾನು ಕಣೋ, ನಿಮ್ಮಮ್ಮ!"

"ಹಾಗಂತ ಯಾರು ಬೇಕಾದರೂ ಹೇಳಬಹುದು. ಚೀಟಿ?"

"ಹೆತ್ತವಳ ಹತ್ತಿರ ಚೀಟಿ ಕೇಳ್ತೀಯೇನೋ! ಚೀಟಿ ಟ್ರಂಕಿನಲ್ಲಿದೆ, ನೀನೇ ನೋಡು!"

ಒಳಗೆ ಟ್ರಂಕು ಸದ್ದಾಯಿತು. ಗುರುಶಾಂತ ಮತದಾರರ ಚೀಟಿ ಹಿಡಿದು ಕಿಟಕಿಗೆ ಬಂದ. ಚೀಟಿ ನೋಡಿದ, ಅವಳನ್ನು ನೋಡಿದ, ಮತ್ತೆ ಚೀಟಿ ನೋಡಿದ. ಆ ಫೋಟೋದಲ್ಲಿ ಒಂದು ಕಪ್ಪು ಮಸಿ, ಅದರೊಳಗೆ ಎರಡು ಕಣ್ಣು.

"ಇದು ನೀವಲ್ಲ."

"ಅಯ್ಯೋ, ಚೀಟಿ ಫೋಟೋದಲ್ಲಿರೋ ಥರ ಯಾರು ತಾನೇ ಇರ್ತಾರೋ!"

ಹತ್ತೂಕಾಲು. ಸರ್ವಮಂಗಳಮ್ಮ ಗೇಟಿನ ಬಳಿ ಬಂದು ಕೈಗಡಿಯಾರ ನೋಡುತ್ತಾ ನಿಂತರು. ಕೂಗಿದರೆ ಪ್ರಯೋಜನವಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವಳು ತಂಬಿಗೆಯನ್ನು ಕಣ್ಣಿಗೆ ಕಾಣದ ಕಡೆ ಕಳಿಸಬೇಕಾಯಿತು.

"ಅಪ್ಪಾ, ನಾನು ಯಾರಾದರೂ ಆಗಿರಲಿ. ಈ ಹಾಲು ತಗೋ. ಹಾಲಿಗೆ ಚೀಟಿ ಬೇಡ ತಾನೆ? ಒಲೆ ಹಚ್ಚಿ ಇದನ್ನಿಡು. ಉಕ್ಕುವವರೆಗೆ ಇಳಿಸಬೇಡ!"

ಗುರುಶಾಂತ ಯೋಚಿಸಿದ. ಹಾಲಿನ ವಿಷಯ ಅಮ್ಮ ಏನೂ ಹೇಳಿರಲಿಲ್ಲ. ಸರಳುಗಳ ನಡುವೆ ತಂಬಿಗೆ ಒಳಗೆ ಹೋಯಿತು. ಹೊರಗೆ ಇಬ್ಬರು ಹೆಂಗಸರು ಕಿವಿಗೊಟ್ಟು ನಿಂತರು. ಕಡ್ಡಿ ಗೀರಿದ ಸದ್ದು. ಒಲೆಯ ಬುಸುಬುಸು. ಹತ್ತು ಇಪ್ಪತ್ತು. ಹತ್ತು ಇಪ್ಪತ್ತೈದು. ಆಮೇಲೆ ಸುಂಯ್!

"ಉಕ್ಕಿತು!" ಎಂದು ಗುರುಶಾಂತ ಕೂಗಿದ. "ಮೂಡಣಕ್ಕೇ ಹರೀತಿದೆ!"

ಸರ್ವಮಂಗಳಮ್ಮ ಗಡಿಯಾರದಿಂದ ತಲೆಯೆತ್ತಿದರು. "ಮನೆ ನಿಮ್ಮದು, ನೀಲಮ್ಮ. ಅಂಚೆ ಮಾಸ್ತರರಿಗೆ ಹೇಳಿಕಳಿಸುತ್ತೇನೆ."

ನೀಲಮ್ಮ ಅಳುತ್ತಾ ನಗುತ್ತಾ ಬಾಗಿಲು ಬಡಿದಳು. "ಗೆದ್ದೆ ಕಣೋ ಕಂದಾ! ಮನೆ ನಮ್ಮದಾಯ್ತು! ಈಗ ತೆಗಿ!"

ಕಿಟಕಿಯಲ್ಲಿ ಗುರುಶಾಂತನ ಮುಖ ಕಾಣಿಸಿತು. ಸರಳುಗಳ ಸಂದಿನಿಂದ ಒಂದು ಲೋಟ ಬಿಸಿ ಹಾಲನ್ನು ಹೊರಗೆ ಚಾಚಿದ.

"ಪಾಪ, ಬಿಸಿಲಲ್ಲಿ ನಿಂತಿದ್ದೀರಿ. ಕುಡಿದು ಜಗಲಿ ಮೇಲೆ ಕೂತುಕೊಳ್ಳಿ. ನಮ್ಮಮ್ಮ ಬರಲಿ, ಕೇಳಿ ತೆಗೀತೀನಿ. ಆದರೆ ಈಗಲೇ ಹೇಳಿಬಿಡ್ತೀನಿ, ಅವಳು ನಿಮ್ಮನ್ನ ನಂಬಲ್ಲ!"