ಗೆರೆ ತುಳಿದ ಮಗಳು

“ಗುರುಗಳೇ, ನನ್ನ ಮಗಳ ಹೃದಯ ಸರಿಹೋಯಿತು. ಸ್ವಭಾವ ಯಾಕೆ ಸರಿಹೋಗಲಿಲ್ಲ?” ಎಂದು ಮುರಿಗೆಪ್ಪ ಕೇಳಿದ. ಮಗು ಹುಟ್ಟುವಾಗಲೇ ಹೃದಯದಲ್ಲಿ ತೂತಿತ್ತು. ಆಪರೇಷನ್ ಆಗಿ ಗುಣವಾಗಿತ್ತು. ಈಗ ಮಾತೆತ್ತಿದರೆ ಸಿಟ್ಟು. ಜೊತೆಗೆ ಆಡಲು ಒಬ್ಬ ಗೆಳತಿಯೂ ಇಲ್ಲ.

ಗುರುಗಳು ಕತೆ ಹೇಳತೊಡಗಿದರು.

ಒಬ್ಬ ಮಂಡಕ್ಕಿ ವ್ಯಾಪಾರಿಗೂ ಅಂಥದೇ ಮಗಳಿದ್ದಳು. ಅತ್ತರೆ ಅವಳ ತುಟಿ ನೀಲಿಗಟ್ಟುತ್ತಿತ್ತು. ಹಾಗಾಗಿ ಅವಳನ್ನು ಅಳಿಸಬಾರದೆಂಬುದೇ ಆ ಮನೆಯ ಕಟ್ಟಳೆಯಾಯಿತು. ಕೇಳಿದ್ದು ಕೈಗೆ ಬರಬೇಕು, ಹೇಳಿದ್ದು ನಡೆಯಬೇಕು. ಪಾಪ, ಹೆತ್ತ ಕರುಳು, ಇನ್ನೇನು ಮಾಡೀತು? ಆಪರೇಷನ್ ಆದ ಮೇಲೆ ಡಾಕ್ಟರು, ಇನ್ನು ಓಡಾಡಿ ಆಡಲಿ, ಸುಸ್ತಾದರೆ ಅವಳೇ ಕೂರುತ್ತಾಳೆ ಎಂದರು. ಆದರೆ ಅಪ್ಪನ ಹೆದರಿಕೆ ಹೋಗಲಿಲ್ಲ.

ಅವನು ಓಣಿಯ ಹುಡುಗಿಯರನ್ನು ಕರೆದು, ಬೊಗಸೆ ತುಂಬ ಮಂಡಕ್ಕಿ ಕೊಟ್ಟು, ಕುಂಟೆಬಿಲ್ಲೆ ಆಡುವಾಗ ನನ್ನ ಮಗಳನ್ನು ಮಾತ್ರ ಔಟ್ ಮಾಡಬೇಡಿರಮ್ಮ ಎಂದು ಬೇಡಿಕೊಂಡ. ಅವರು ಒಪ್ಪಿದರು. ಅವಳು ಗೆರೆ ತುಳಿದರೂ ಕಂಡೂ ಕಾಣದವರಂತೆ ಇರುತ್ತಿದ್ದರು. ತಾನು ಆಡಿದ್ದೇ ಆಟವೆಂದು ಅವಳಿಗೂ ಗೊತ್ತಾಯಿತು. ಬೇಸರವಾದರೆ ಪಕ್ಕದವಳನ್ನು ಚಿವುಟುವಳು, ಬಿಲ್ಲೆಯನ್ನು ಚರಂಡಿಗೆ ಎಸೆಯುವಳು. ಒಬ್ಬೊಬ್ಬರೇ ಬೇರೆ ಓಣಿಗೆ ಆಡಲು ಹೋದರು. ಉಳಿದವರು ಬರುತ್ತಿದ್ದದ್ದು ಮಂಡಕ್ಕಿಗೆ.

ಒಂದು ದಿನ, ರಜೆಗೆಂದು ಅಜ್ಜಿಯ ಮನೆಗೆ ಬಂದಿದ್ದ ಹುಡುಗಿಯೊಬ್ಬಳು ಆಟಕ್ಕೆ ಸೇರಿದಳು. ಅವಳಿಗೆ ಈ ಒಪ್ಪಂದದ ಗಂಧಗಾಳಿಯೂ ಇಲ್ಲ. ವ್ಯಾಪಾರಿಯ ಮಗಳಿಗೆ, ‘ಗೆರೆ ತುಳಿದೆ, ಔಟು. ಹೋಗಿ ಕೂತ್ಕೋ’ ಎಂದುಬಿಟ್ಟಳು.

ಮಗಳ ಅಳು ವ್ಯಾಪಾರಿಯ ಕಿವಿಗೆ ಬಿತ್ತು. ಅಂಗಡಿ ಬಿಟ್ಟು ಓಡಿಬಂದ. ಮಗಳು ಬಿಕ್ಕುತ್ತಿದ್ದಳು. ಅವಳನ್ನು ಎತ್ತಿಕೊಳ್ಳಲು ಬಗ್ಗಿದ. ಅವಳು ಅವನ ಕೈ ಸರಿಸಿ, ಔಟಾದವರು ಕೂತಿದ್ದ ಕಟ್ಟೆಯ ಕಡೆಗೆ ನಡೆದಳು. ಕೂತಿದ್ದವರು ಮುಖಮುಖ ನೋಡಿಕೊಂಡರು. ಆಮೇಲೆ ಜರುಗಿ ಜಾಗ ಕೊಟ್ಟರು. ಒಬ್ಬಳು ಅವಳ ಹೆಗಲ ಮೇಲೆ ಕೈ ಹಾಕಿದಳು. ಅಲ್ಲಿಯವರೆಗೆ ಯಾರೂ ಅವಳ ಹೆಗಲಿಗೆ ಕೈ ಹಾಕಿದವರಲ್ಲ.

ವ್ಯಾಪಾರಿ ಮಗಳ ತುಟಿಯನ್ನೇ ನೋಡುತ್ತ ನಿಂತ. ಅದು ನೀಲಿಗಟ್ಟಲಿಲ್ಲ. ಅವಳು ಲಂಗದ ಅಂಚಿನಿಂದ ಮೂಗೊರೆಸಿಕೊಂಡು, ‘ನೀನು ಹೋಗಪ್ಪಾ, ನನ್ನ ಸರದಿ ಮತ್ತೆ ಬರುತ್ತೆ’ ಎಂದಳು.

ಅವನು ಅಂಗಡಿಗೆ ಹೋಗಿ, ಮಂಡಕ್ಕಿ ಚೀಲಗಳ ಹಿಂದೆ ಕೂತು, ಸಂತೋಷಕ್ಕೆ ಅತ್ತುಬಿಟ್ಟ.

ಕತೆ ಮುಗಿಯಿತು. ಮುರಿಗೆಪ್ಪ ಕಣ್ಣೊರೆಸಿಕೊಂಡು, ಒಳ್ಳೆಯ ಕತೆ ಎಂದ. ಗುರುಗಳು ಅವನ ಬೆನ್ನು ಸವರಿ ಮೆಲ್ಲಗೆ ಕೇಳಿದರು:

“ನಿನ್ನ ಮಗಳು ಕೊನೆಯ ಸಲ ಸೋತದ್ದು ಯಾವಾಗ, ಮುರಿಗೆಪ್ಪ?”